ಪಿಸಿಒಎಸ್ ಇದೆ, ತಿಂಗಳ ಲೆಕ್ಕಕ್ಕೂ ಸ್ಕ್ಯಾನಿಗೂ ತಾಳೆಯಾಗುತ್ತಿಲ್ಲ

ಪೆರ್ಲದ ಸೊಸೆ · ಆಗಸ್ಟ್ 9, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಮನಸ್ಸು ಕದಡಿ ಹೋಗಿದೆ, ಬರೆದದ್ದು ಹಿಂದುಮುಂದಾದರೆ ಕ್ಷಮಿಸಿ.

ನನಗೆ 29 ವರ್ಷ. ಮದುವೆಯಾಗಿ ನಾಲ್ಕು ವರ್ಷ ಕಳೆಯಿತು. ಪಿಸಿಒಎಸ್, ಅಂದರೆ ಅಂಡ ಸರಿಯಾಗಿ ಬಿಡುಗಡೆಯಾಗದ ಅಂಡಾಶಯದ ತೊಂದರೆ, ಇದೆ ಎಂದು ತಿಳಿದದ್ದು ಮದುವೆಯ ಮರುವರ್ಷ. ಮುಟ್ಟು ಒಮ್ಮೆ 35 ದಿನಕ್ಕೆ ಬಂದರೆ ಇನ್ನೊಮ್ಮೆ 60 ದಿನವಾದರೂ ಇಲ್ಲ. ಕಳೆದ ವರ್ಷ ಅಂಡ ಬಿಡುಗಡೆಗೆಂದು ಮೂರು ತಿಂಗಳು ಲೆಟ್ರೊಜೋಲ್ ಮಾತ್ರೆ ತೆಗೆದುಕೊಂಡೆ, ಫಲ ಸಿಗಲಿಲ್ಲ. ಬೇಸತ್ತು ಬಿಟ್ಟುಬಿಟ್ಟೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲೆಂದು ಕೊಟ್ಟ ಮೆಟ್‌ಫಾರ್ಮಿನ್ ಮಾತ್ರ ಈಗಲೂ ಇದೆ.

ಕೊನೆಯ ಮುಟ್ಟು ಜೂನ್ 10. ಜುಲೈ 22ರಂದು ಮನೆಯಲ್ಲೇ ಪರೀಕ್ಷೆ ಮಾಡಿದಾಗ ಒಂದೇ ಗೆರೆ. ಆಗಸ್ಟ್ 1ರ ಬೆಳಗ್ಗೆ ಎರಡನೆಯ ಗೆರೆ ಮಸುಕಾಗಿ ಮೂಡಿತು. ಬಚ್ಚಲುಮನೆಯ ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿದೆ. ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಇವತ್ತು ಸ್ಕ್ಯಾನ್ ಆಯಿತು. ತಾರೀಕಿನ ಪ್ರಕಾರ 8 ವಾರ 4 ದಿನ. ಆದರೆ ಗರ್ಭಚೀಲ 9 ಮಿಲಿಮೀಟರ್ ಮಾತ್ರ, ಅದರೊಳಗೆ ಯೋಕ್ ಸ್ಯಾಕ್ ಎಂಬ ಸಣ್ಣ ಉಂಗುರ, ಮಗು ಇಲ್ಲ. ಸ್ಕ್ಯಾನ್ ಮಾಡಿದವರು ಮಲಯಾಳದಲ್ಲಿ ‘ಮಿಡಿಪ್ಪ್ ಕಾಣುನ್ನಿಲ್ಲ’ ಎಂದರು. ಎದೆಬಡಿತ ಇಲ್ಲ ಎಂದೇ ನನಗೆ ಅರ್ಥವಾಯಿತು. ಹೊರಗೆ ಬಂದಾಗ ಇನ್ನೊಬ್ಬರು, ಬೆಳವಣಿಗೆ ನಿಂತಿರಬಹುದು, ವಾರ ಬಿಟ್ಟು ಬನ್ನಿ, ಇಲ್ಲದಿದ್ದರೆ ಗರ್ಭಕೋಶ ಕ್ಲೀನ್ ಮಾಡಿಸಬೇಕಾಗುತ್ತದೆ ಎಂದರು.

ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿದೆ. ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯ ದಿನ ಎಲ್ಲರ ಜೊತೆ ನಾನೂ ಪಾಲೆ ಮರದ ಕಷಾಯ ಕುಡಿದಿದ್ದೆ. ಅದರಿಂದಲೇ ಹೀಗಾಯಿತೋ ಎಂದು ಅತ್ತೆ ಕಣ್ಣೀರು ಹಾಕುತ್ತಿದ್ದಾರೆ. ಅವರೇ ಲೋಟದಲ್ಲಿ ಹಾಕಿ ಕೊಟ್ಟದ್ದು. ರಕ್ತಸ್ರಾವ ಇಲ್ಲ, ಹೊಟ್ಟೆನೋವೂ ಇಲ್ಲ. ಪಿಸಿಒಎಸ್ ಇದ್ದವರಿಗೆ ಮಗು ನಿಲ್ಲುವುದಿಲ್ಲ ಎನ್ನುತ್ತಾರಲ್ಲ, ಅದು ನಿಜವೇ?

ನೀರ್ಚಾಲು ಅಕ್ಕ · ಆಗಸ್ಟ್ 9, ರಾತ್ರಿ 11.05

ತಂಗೀ, ಮೊದಲು ಸ್ವಲ್ಪ ನೀರು ಕುಡಿ. ನನಗೂ ಪಿಸಿಒಎಸ್, ಎರಡು ಮಕ್ಕಳಿದ್ದಾರೆ. ಮಗು ನಿಲ್ಲುವುದಿಲ್ಲ ಎಂಬುದು ಸುಳ್ಳು. ತೊಂದರೆಗಳ ಸಾಧ್ಯತೆ ಉಳಿದವರಿಗಿಂತ ಹೆಚ್ಚು ಎಂಬುದು ನಿಜ. ಇವೆರಡೂ ಬೇರೆ ಬೇರೆ ಮಾತು.

ಇಲ್ಲಿ ಬರೆಯುವ ಬದಿಯಡ್ಕದ ದಾದಿಯವರು ಓದಿ ಉತ್ತರಿಸುವವರೆಗೆ ಕ್ಲೀನ್ ಮಾಡಿಸುವ ಮಾತಿಗೆ ಯಾರೂ ತಲೆಯಾಡಿಸಬೇಡಿ.

ಬಾಯಾರಿನಿಂದ · ಆಗಸ್ಟ್ 10, ಬೆಳಗ್ಗೆ 6.20

ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಿ. ಮಂಚದಿಂದ ಇಳಿಯಬೇಡಿ. ನಮ್ಮ ಚಿಕ್ಕಮ್ಮ ಮೂರು ತಿಂಗಳು ಮಲಗಿಯೇ ಇದ್ದರು, ಉಳಿಯಿತು.

ಬದಿಯಡ್ಕದ ದಾದಿ · ಆಗಸ್ಟ್ 10, ಬೆಳಗ್ಗೆ 8.15

ರಾತ್ರಿ ಪಾಳಿ ಮುಗಿಸಿ ಬಂದು ಓದಿದೆ. ನಾನು ವೈದ್ಯೆಯಲ್ಲ, ಹೆರಿಗೆ ವಿಭಾಗದಲ್ಲಿ ಹದಿನಾರು ವರ್ಷ ದುಡಿದವಳು. ನಿಮ್ಮ ಬರಹದಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ, ಗಮನಿಸಿ.

‘8 ವಾರ 4 ದಿನ’ ಎಂಬ ಲೆಕ್ಕ ಎಲ್ಲಿಂದ ಬಂತು? ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದ್ದು. ಈ ಎಣಿಕೆಯ ಹಿಂದೆ ಒಂದು ಊಹೆ ಇದೆ: ಮುಟ್ಟು 28 ದಿನಕ್ಕೆ ಸರಿಯಾಗಿ ಬರುತ್ತದೆ, 14ನೆಯ ದಿನದ ಹೊತ್ತಿಗೆ ಅಂಡ ಬಿಡುಗಡೆಯಾಗುತ್ತದೆ ಎಂದು. ಹೆರಿಗೆಯ ದಿನವನ್ನು 280 ದಿನಕ್ಕೆ ಹಾಕುವುದೂ ಇದೇ ಊಹೆಯ ಮೇಲೆ. ಪಿಸಿಒಎಸ್ ಎಂದರೆ ಆ ಊಹೆ ತಪ್ಪುವ ಸ್ಥಿತಿ. ಅಂಡ ಯಾವಾಗ ಬಿಡುಗಡೆಯಾಗುತ್ತದೆ ಎಂಬುದಕ್ಕೆ ನಿಯಮವಿಲ್ಲ. 20ನೆಯ ದಿನವಾಗಬಹುದು, 40ನೆಯ ದಿನವೂ ಆಗಬಹುದು.

ಈಗ ನಿಮ್ಮ ತಾರೀಕುಗಳನ್ನು ನೋಡೋಣ. ಜೂನ್ 24ರ ಸುಮಾರಿಗೆ ಅಂಡ ಬಿಡುಗಡೆಯಾಗಿ ಗರ್ಭ ನಿಂತಿದ್ದರೆ ಜುಲೈ 22ಕ್ಕೆ ನಾಲ್ಕು ವಾರ ತುಂಬುತ್ತಿತ್ತು. ಆಗ ಪರೀಕ್ಷೆಯಲ್ಲಿ ಎರಡು ಗೆರೆ ಗಟ್ಟಿಯಾಗಿ ಬರಬೇಕಿತ್ತು. ಬರಲಿಲ್ಲ. ಆಗಸ್ಟ್ 1ಕ್ಕೆ ಬಂತು, ಅದೂ ಮಸುಕಾಗಿ. ಅಂದರೆ ಗರ್ಭ ನಿಂತದ್ದೇ ಜುಲೈ ನಡುವಿನಲ್ಲಿ. ಗರ್ಭಚೀಲದ ಸರಾಸರಿ ಅಳತೆಗೆ 30 ಸೇರಿಸಿದರೆ ಆರಂಭದ ದಿನಗಳಲ್ಲಿ ಗರ್ಭದ ವಯಸ್ಸು ಹೆಚ್ಚುಕಡಿಮೆ ಸಿಗುತ್ತದೆ. 9ಕ್ಕೆ 30 ಸೇರಿಸಿ: 39 ದಿನ, ಅಂದರೆ 5 ವಾರ 4 ದಿನ. ಅಷ್ಟು ಹೊತ್ತಿಗೆ ಚೀಲ ಮತ್ತು ಯೋಕ್ ಸ್ಯಾಕ್ ಕಾಣುವುದೇ ಸರಿ. ಎದೆಬಡಿತ ಕಾಣಿಸಲು ಸಾಮಾನ್ಯವಾಗಿ ಆರು ವಾರ ದಾಟಬೇಕು. ನಿಮ್ಮ ಮಗು ಹಿಂದೆ ಬಿದ್ದಿಲ್ಲ, ತಡವಾಗಿ ಹೊರಟಿದೆ ಎಂದು ನನಗೆ ಅನಿಸುತ್ತದೆ. ಖಚಿತವಾಗುವುದು ಎರಡನೆಯ ಸ್ಕ್ಯಾನಿನಲ್ಲಿ ಮಾತ್ರ.

ಗರ್ಭ ನಿಂತುಹೋಗಿದೆ ಎಂದು ಒಂದೇ ಸ್ಕ್ಯಾನಿನಲ್ಲಿ ಹೇಳಲು ಕಟ್ಟುನಿಟ್ಟಿನ ಅಳತೆಗಳಿವೆ. ಭ್ರೂಣದ ಉದ್ದ 7 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಬಡಿತ ಇಲ್ಲದಿರಬೇಕು, ಇಲ್ಲವೇ ಚೀಲ 25 ಮಿಲಿಮೀಟರ್ ಅಥವಾ ಹೆಚ್ಚಿದ್ದೂ ಭ್ರೂಣವೇ ಕಾಣದಿರಬೇಕು. ಅದೂ ಒಳಗಿನಿಂದ ಮಾಡುವ ಸ್ಕ್ಯಾನಿನಲ್ಲಿ. ನಿಮ್ಮದು 9. ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ನೋಡಬೇಕು, ಅಷ್ಟೇ. ಒಂದು ವಾರಕ್ಕೆ ಹೋದರೆ ಮತ್ತೆ ಅರೆಬರೆ ಕಾಣಿಸಿ ಇನ್ನೂ ಭಯಪಡುತ್ತೀರಿ.

ಚೀಲದೊಳಗೆ ಯೋಕ್ ಸ್ಯಾಕ್ ಕಂಡಿದೆ, ಗರ್ಭ ಗರ್ಭಕೋಶದಲ್ಲೇ ಇದೆ. ಆದರೂ ರಕ್ತಸ್ರಾವವೋ ಒಂದು ಬದಿಗೆ ತೀವ್ರ ನೋವೋ ತಲೆಸುತ್ತೋ ಬಂದರೆ ಅದೇ ಕ್ಷಣ ಆಸ್ಪತ್ರೆಗೆ ಹೊರಡಿ, ಇಲ್ಲಿ ಕೇಳುತ್ತಾ ಕೂರಬೇಡಿ.

ಬಾಯಾರಿನವರೇ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಮಲಗಿದ್ದರೆ ಗರ್ಭ ಉಳಿಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮನೆಗೆಲಸ, ನಡಿಗೆ ಎಲ್ಲವೂ ಇರಲಿ. ಕಷಾಯದ ವಿಷಯ ವೈದ್ಯರಿಗೆ ತಿಳಿಸಿ. ಆದರೆ ಒಂದು ಲೋಟ ಕಷಾಯ ಚೀಲವನ್ನು ಮೂರು ವಾರ ಕಿರಿದು ಮಾಡಲಾರದು. ಆಗಸ್ಟ್ 1ರ ಮಸುಕು ಗೆರೆ ಅಮಾವಾಸ್ಯೆಗಿಂತ ಮೊದಲಿನದು. ಇದನ್ನು ಅತ್ತೆಯವರಿಗೆ ಓದಿ ಹೇಳಿ.

ಕುಂಬಳೆ ಟೀಚರ್ · ಆಗಸ್ಟ್ 10, ಮಧ್ಯಾಹ್ನ 1.30

ಒಂದು ಮಾತಿನ ವಿಷಯ. ‘ಕಾಣುನ್ನಿಲ್ಲ’ ಎಂದರೆ ಕಾಣುತ್ತಿಲ್ಲ. ಸ್ಕ್ಯಾನ್ ಮಾಡಿದವರು ತಮ್ಮ ಕಣ್ಣಿಗೆ ಬಿದ್ದದ್ದನ್ನು ಹೇಳಿದ್ದಾರೆ. ಮೇಜಿನ ಮೇಲೆ ಮಲಗಿ ಉಸಿರು ಬಿಗಿಹಿಡಿದವಳ ಕಿವಿಗೆ ಕೊನೆಯ ‘ಇಲ್ಲ’ ಮಾತ್ರ ಬೀಳುತ್ತದೆ. ಕಾಸರಗೋಡಿನಲ್ಲಿ ನಾವೆಲ್ಲ ಮಲಯಾಳವನ್ನು ಅರ್ಧ ಊಹಿಸಿಕೊಂಡೇ ಬದುಕುವವರು. ಅಂಗಡಿಯಲ್ಲಿ ಅದು ನಡೆಯುತ್ತದೆ, ಸ್ಕ್ಯಾನ್ ಕೋಣೆಯಲ್ಲಿ ನಡೆಯುವುದಿಲ್ಲ. ಭಾಷೆ ಚೆನ್ನಾಗಿ ತಿಳಿದ ಒಬ್ಬರನ್ನು ಕರೆದುಕೊಂಡು ಹೋಗಿ. ‘ಇಲ್ಲ ಎಂದೋ, ಇನ್ನೂ ಕಾಣಿಸುತ್ತಿಲ್ಲ ಎಂದೋ’ ಎಂದು ಕೇಳಲು ಸಂಕೋಚ ಬೇಡ.

ಇನ್ನೊಂದನ್ನೂ ಬರೆಯಬೇಕು. ನನಗೂ ಇದೇ ರೀತಿ ಕಾಯಲು ಹೇಳಿದ್ದರು, 12 ದಿನ ಕಾದೆ. ಎರಡನೆಯ ಸ್ಕ್ಯಾನಿನಲ್ಲಿ ಭ್ರೂಣ ಇತ್ತು, ಬಡಿತ ಇರಲಿಲ್ಲ. ಪಿಸಿಒಎಸ್ ಇದ್ದವರಲ್ಲಿ ಗರ್ಭಪಾತ ಸ್ವಲ್ಪ ಹೆಚ್ಚು ಎಂದು ವೈದ್ಯರು ತಿಳಿಸಿದರು. ನಾನು ಮಾಡಿದ ಯಾವ ಕೆಲಸದಿಂದಲೂ ಹಾಗಾದದ್ದಲ್ಲ ಎಂದೂ ಹೇಳಿದರು. ಆ ಎರಡನೆಯ ಮಾತು ನನ್ನನ್ನು ಉಳಿಸಿತು. ನಿಮಗೆ ಹಾಗಾಗದಿರಲಿ. ಆದರೆ ಆದರೂ ನೀವು ಒಂಟಿಯಲ್ಲ, ತಪ್ಪಿತಸ್ಥೆಯೂ ಅಲ್ಲ.

ಪೆರ್ಲದ ಸೊಸೆ · ಆಗಸ್ಟ್ 10, ಸಂಜೆ 7.00

ಟೀಚರ್, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ದಾದಿಯವರ ಲೆಕ್ಕವನ್ನು ಗಂಡ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ಅತ್ತೆಗೆ ತೋರಿಸಿದರು. ಅತ್ತೆ ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ನನಗಿಷ್ಟವಾದ ಹರಿವೆ ಸಾಸಿವೆ ಮಾಡಿದ್ದಾರೆ.

20ಕ್ಕೆ ಹೋಗುತ್ತೇವೆ.

ಮುಳ್ಳೇರಿಯದ ಕೃಷಿಕ · ಆಗಸ್ಟ್ 12, ರಾತ್ರಿ 9.10

ಗಂಡಸರು ಇಲ್ಲಿ ಬರೆಯಬಹುದೋ ತಿಳಿಯದು, ಆದರೂ ಕೇಳುತ್ತೇನೆ. ನನ್ನ ಹೆಂಡತಿಗೆ ಈಗ ಹತ್ತು ವಾರ, ಪಿಸಿಒಎಸ್ ಇದೆ. ಕಾಸರಗೋಡಿನ ವೈದ್ಯರು ಮೆಟ್‌ಫಾರ್ಮಿನ್ ನಿಲ್ಲಿಸಿ ಎಂದರು. ಮಂಗಳೂರಿನವರು ಮೂರು ತಿಂಗಳು ತುಂಬುವವರೆಗೆ ಇರಲಿ ಎಂದರು. ಯಾರನ್ನು ನಂಬುವುದು? ಅಂಡಾಶಯದಲ್ಲಿ ಗುಳ್ಳೆಗಳಿವೆಯಂತೆ, ಅವು ಮಗುವಿಗೆ ತಾಗುತ್ತವೆಯೇ?

ಬದಿಯಡ್ಕದ ದಾದಿ · ಆಗಸ್ಟ್ 13, ಮಧ್ಯಾಹ್ನ 3.45

ಧಾರಾಳವಾಗಿ ಬರೆಯಿರಿ. ಗಂಡಂದಿರು ಹೀಗೆ ಕೇಳಬೇಕು ಎಂದೇ ನನ್ನ ಆಸೆ.

ಗುಳ್ಳೆಯ ಮಾತು ಮೊದಲು. 1935ರಲ್ಲಿ ಷಿಕಾಗೊದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಇದನ್ನು ವಿವರಿಸಿದರು. ಅಂಡಾಶಯ ಗುಳ್ಳೆ ತುಂಬಿದಂತೆ ಕಂಡದ್ದರಿಂದ ‘ಪಾಲಿಸಿಸ್ಟಿಕ್’, ಅಂದರೆ ಹಲವು ಗುಳ್ಳೆಗಳದ್ದು, ಎಂಬ ಹೆಸರು ಅಂಟಿಕೊಂಡಿತು. ನಿಜವಾಗಿ ಅವು ಗುಳ್ಳೆಗಳಲ್ಲ, ಅರ್ಧಕ್ಕೆ ಬೆಳವಣಿಗೆ ನಿಂತ, ಅಂಡ ಬೆಳೆಯುವ ಪುಟ್ಟ ಕೋಶಗಳು. ಒಡೆಯುವುದಿಲ್ಲ, ಮಗುವಿಗೆ ತಾಗುವುದಿಲ್ಲ, ಕತ್ತರಿಸಿ ತೆಗೆಯಬೇಕಾಗಿಯೂ ಇಲ್ಲ. ಬಸುರಿಯಲ್ಲಿ ತೊಂದರೆ ಕೊಡುವುದು ಅವುಗಳ ಹಿಂದಿರುವ ಕಾರಣ: ದೇಹ ಇನ್ಸುಲಿನ್ ಮಾತನ್ನು ಸರಿಯಾಗಿ ಕೇಳದಿರುವುದು. ಗರ್ಭ ನಿಂತ ಮೇಲೆ ಮಾಸು ಬಿಡುವ ಹಾರ್ಮೋನುಗಳು ಎಲ್ಲ ಬಸುರಿಯರಲ್ಲೂ ಇನ್ಸುಲಿನ್ನಿನ ಕೈಕಟ್ಟುತ್ತವೆ. ಪಿಸಿಒಎಸ್ ಇದ್ದವರಲ್ಲಿ ಅದು ಮೊದಲೇ ಸೋತಿರುತ್ತದೆ, ಆದ್ದರಿಂದ ಸಕ್ಕರೆ ಬೇಗ ಏರುತ್ತದೆ.

ಮೆಟ್‌ಫಾರ್ಮಿನ್ ವಿಷಯದಲ್ಲಿ ಇಬ್ಬರೂ ತಪ್ಪು ಹೇಳಿಲ್ಲ. ಎರಡೂ ಪದ್ಧತಿ ಚಾಲ್ತಿಯಲ್ಲಿದೆ. ಈ ಮಾತ್ರೆಯಿಂದ ಮಗುವಿಗೆ ಅಂಗವೈಕಲ್ಯ ಬರುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಹಾಗೆಂದು ಬಸುರಿಯ ಸಕ್ಕರೆಕಾಯಿಲೆಯನ್ನು ತಡೆಯುತ್ತದೆ ಎಂದೂ ಸಾಬೀತಾಗಿಲ್ಲ. 2019ರಲ್ಲಿ ನಾರ್ವೆ, ಸ್ವೀಡನ್, ಐಸ್‌ಲ್ಯಾಂಡ್‌ಗಳ ಅಧ್ಯಯನವೊಂದು ಬಂತು. ಮೂರು ತಿಂಗಳ ನಂತರವೂ ಕೊಟ್ಟವರಲ್ಲಿ ತಡವಾದ ಗರ್ಭಪಾತ ಮತ್ತು ಅವಧಿಪೂರ್ವ ಹೆರಿಗೆ ಕಡಿಮೆಯಾಗಬಹುದು ಎಂಬ ಸೂಚನೆ ಅದರಲ್ಲಿತ್ತು, ಸಕ್ಕರೆಕಾಯಿಲೆ ಮಾತ್ರ ಕಡಿಮೆಯಾಗಲಿಲ್ಲ. ಹುಟ್ಟಿದ ಮಕ್ಕಳ ತೂಕ ಮುಂದೆ ಸ್ವಲ್ಪ ಹೆಚ್ಚಾಗುತ್ತದೆಯೇ ಎಂಬ ಪ್ರಶ್ನೆಯೂ ಇದೆ. ಹಾಗಾಗಿ ತೂಕ, ಹಿಂದಿನ ಹೆರಿಗೆ, ಸಕ್ಕರೆ ಎಲ್ಲವನ್ನೂ ನೋಡಿ ವೈದ್ಯರು ನಿರ್ಧರಿಸುತ್ತಾರೆ. ನೀವು ಮಾಡಬೇಕಾದದ್ದು ಒಬ್ಬ ವೈದ್ಯರನ್ನು ಆರಿಸಿಕೊಂಡು ಅವರಲ್ಲೇ ಉಳಿಯುವುದು. ಇಬ್ಬರ ಚೀಟಿಯನ್ನೂ ಅರ್ಧರ್ಧ ಪಾಲಿಸುವುದು ಮಾತ್ರ ಬೇಡ. ಮೊಡವೆ, ಮುಖದ ಕೂದಲಿಗೆಂದು ಹಿಂದೆ ಸ್ಪೈರೊನೊಲ್ಯಾಕ್ಟೋನ್ ಕೊಟ್ಟಿದ್ದರೆ ಅದನ್ನು ಬಸುರಿಯಲ್ಲಿ ತೆಗೆದುಕೊಳ್ಳಬಾರದು, ಕೂಡಲೇ ಹೇಳಿ. ಫೋಲಿಕ್ ಆಮ್ಲ ತಪ್ಪಿಸಬೇಡಿ.

ಪೆರ್ಲದ ಸೊಸೆ · ಆಗಸ್ಟ್ 20, ಮಧ್ಯಾಹ್ನ 12.50

ಆಸ್ಪತ್ರೆಯ ಹೊರಗಿನ ಕಟ್ಟೆಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಬಡಿತ ಇದೆ. ನಿಮಿಷಕ್ಕೆ 138. ಭ್ರೂಣದ ಉದ್ದ 10 ಮಿಲಿಮೀಟರ್, 7 ವಾರ 1 ದಿನ. ಪರದೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಗುರುತು, ಅದರ ನಡುವೆ ಏನೋ ಮಿಣಮಿಣ ಎನ್ನುತ್ತಿತ್ತು. ನಾದಿನಿ ಮಲಯಾಳದಲ್ಲಿ ಎಲ್ಲವನ್ನೂ ಕೇಳಿದಳು.

ಹೆರಿಗೆಯ ತಾರೀಕು ಮೊದಲು ಮಾರ್ಚ್ 17 ಎಂದಿತ್ತು. ಈಗ ಏಪ್ರಿಲ್ 7.

ನೀರ್ಚಾಲು ಅಕ್ಕ · ಆಗಸ್ಟ್ 20, ಮಧ್ಯಾಹ್ನ 1.15

ದೇವರು ದೊಡ್ಡವನು ತಂಗೀ. ಓದಿ ನನ್ನ ಕಣ್ಣು ತುಂಬಿತು.

ಇನ್ನು ನನ್ನ ಕಥೆ ಹೇಳುತ್ತೇನೆ, ಹೆದರಿಸಲು ಅಲ್ಲ. ಎರಡನೆಯ ಬಸುರಿಯಲ್ಲಿ ನನಗೆ ರಕ್ತದೊತ್ತಡ ಏರಿತು. 2020ರ ಮಾರ್ಚ್, 34 ವಾರ. ನಮ್ಮ ವೈದ್ಯರು, ಕಡತ, ಸ್ಕ್ಯಾನು ಎಲ್ಲವೂ ಮಂಗಳೂರಿನಲ್ಲಿ. ಆ ತಿಂಗಳ ಕೊನೆಗೆ ಕೊರೊನಾದಿಂದ ಕೇರಳ-ಕರ್ನಾಟಕ ಗಡಿ ಮುಚ್ಚಿತು, ರಸ್ತೆಗೆ ಮಣ್ಣು ಬಿತ್ತು, ತಲಪಾಡಿಯಲ್ಲಿ ಆ್ಯಂಬುಲೆನ್ಸುಗಳು ನಿಂತವು. ಆ ದಿನಗಳನ್ನು ಕಾಸರಗೋಡಿನ ಯಾರೂ ಮರೆತಿಲ್ಲ. ತಲೆ ಸಿಡಿಯುವ ನೋವು ಬಂದ ರಾತ್ರಿ ಕಣ್ಣೆದುರು ಮಿಂಚು ಹೊಡೆದಂತಾಗುತ್ತಿತ್ತು. ಇಲ್ಲಿಯ ಆಸ್ಪತ್ರೆಗೆ ಹೋದಾಗ ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ಎಷ್ಟನೆಯ ವಾರ ಎಂದು ಕೇಳಿದರೆ ಹೇಳಲೂ ತಿಳಿಯಲಿಲ್ಲ, ನನ್ನದೂ ಅಳತೆ ತಪ್ಪಿದ ತಿಂಗಳುಗಳೇ. ಅಲ್ಲಿನ ವೈದ್ಯರು ನನ್ನನ್ನೂ ಮಗಳನ್ನೂ ಉಳಿಸಿದರು.

ನೀನು ಪೆರ್ಲದವಳು, ಅಡ್ಕಸ್ಥಳ ದಾಟಿದರೆ ಪುತ್ತೂರು, ಈಚೆ ಬಂದರೆ ಕಾಸರಗೋಡು. ಎಲ್ಲಿ ಬೇಕಾದರೂ ತೋರಿಸು. ಆದರೆ ಇವತ್ತಿನ ಸ್ಕ್ಯಾನಿನ ಕಾಗದದ ಎರಡು ಪ್ರತಿ ಮಾಡಿಸಿ ಒಂದನ್ನು ಕೈಚೀಲದಲ್ಲೇ ಇಟ್ಟುಕೋ. ಫೋಟೊ ತೆಗೆದು ಗಂಡನ ಮೊಬೈಲಿನಲ್ಲೂ ಇರಲಿ.

ಬದಿಯಡ್ಕದ ದಾದಿ · ಆಗಸ್ಟ್ 20, ರಾತ್ರಿ 8.30

ಸಂತೋಷದ ಸುದ್ದಿ. ಆಶಾ ಕಾರ್ಯಕರ್ತೆಯ ಬಳಿ ಇರುವ ಕಾರ್ಡಿನಲ್ಲೂ ತಾರೀಕನ್ನು ತಿದ್ದಿಸಿ. ಇದನ್ನು ಹಲವರು ಮರೆಯುತ್ತಾರೆ. ಇನ್ನು ಏಳೆಂಟು ತಿಂಗಳ ನಂತರ ನಿಮ್ಮನ್ನು ನೋಡುವುದು ಯಾವ ವೈದ್ಯರೋ ಗೊತ್ತಿಲ್ಲ, ಅವರು ನೋಡುವುದು ಕಾರ್ಡಿನಲ್ಲಿರುವ ತಾರೀಕನ್ನು.

ಸಕ್ಕರೆಯ ಪರೀಕ್ಷೆಗೆ 24 ವಾರದವರೆಗೆ ಕಾಯಬೇಡಿ. ಪಿಸಿಒಎಸ್ ಇದ್ದವರಿಗೆ ಆರಂಭದಲ್ಲೇ ಒಮ್ಮೆ ಮಾಡಬೇಕು, ಆಗ ಸರಿಯಿದ್ದರೆ 24ರಿಂದ 28 ವಾರದ ನಡುವೆ ಮತ್ತೊಮ್ಮೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. 140 ಅಥವಾ ಹೆಚ್ಚಿದ್ದರೆ ಬಸುರಿಯ ಸಕ್ಕರೆಕಾಯಿಲೆ ಎಂದು ಲೆಕ್ಕ. ರಕ್ತದೊತ್ತಡವನ್ನು ಪ್ರತಿ ಭೇಟಿಯಲ್ಲೂ ನೋಡಿಸಿ. 140/90ಕ್ಕೆ ಮುಟ್ಟಿದರೆ ಸುಮ್ಮನಿರಬಾರದು. ಕೆಲವರಿಗೆ 12 ವಾರದ ನಂತರ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ, ನಿಮಗೆ ಬೇಕೇ ಎಂದು ಕೇಳಿ. ಸ್ವಂತವಾಗಿ ತಂದು ನುಂಗಬೇಡಿ.

ಪೆರ್ಲದ ಸೊಸೆ · ಸೆಪ್ಟೆಂಬರ್ 4, ಸಂಜೆ 6.10

ನಿನ್ನೆ ಸಕ್ಕರೆ ನೋಡಿಸಿದೆ. 152. ಒಂದು ಸಂತೋಷದ ಹಿಂದೆಯೇ ಒಂದು ಭಯ. ಗಂಜಿ ಬಿಡಬೇಕೇ? ನಮ್ಮಲ್ಲಿ ಬೆಳಗ್ಗೆಯೂ ರಾತ್ರಿಯೂ ಕುಚ್ಚಲಕ್ಕಿ ಗಂಜಿಯೇ. ಕುಚ್ಚಲಕ್ಕಿಯಲ್ಲಿ ಸಕ್ಕರೆ ಇಲ್ಲ ಎಂದು ಅತ್ತೆ ಹೇಳುತ್ತಾರೆ.

ಬದಿಯಡ್ಕದ ದಾದಿ · ಸೆಪ್ಟೆಂಬರ್ 4, ರಾತ್ರಿ 9.20

ಬೇಗ ಗೊತ್ತಾದದ್ದು ನಿಮ್ಮ ಭಾಗ್ಯ. ಗೊತ್ತಾಗದೆ ಉಳಿದರೆ ಮಗು ಅತಿಯಾಗಿ ದಪ್ಪವಾಗುವುದು, ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ಕುಸಿಯುವುದು, ಇವೆಲ್ಲ ಬರಬಹುದು.

ಕುಚ್ಚಲಕ್ಕಿಯೂ ಅಕ್ಕಿಯೇ. ಬಿಳಿಯ ಬೆಳ್ತಿಗೆ ಅಕ್ಕಿಗಿಂತ ನಿಧಾನವಾಗಿ ಸಕ್ಕರೆ ಏರಿಸಬಹುದು, ಏರಿಸದೆ ಇರುವುದಿಲ್ಲ. ಗಂಜಿ ಬಿಡಬೇಕಾಗಿಲ್ಲ, ಬಟ್ಟಲು ಚಿಕ್ಕದಾಗಲಿ. ಈಗ ಗಂಜಿಯ ಜೊತೆ ಉಪ್ಪಿನಕಾಯಿ ಮಾತ್ರ ಇದ್ದರೆ ಅದು ಸಾಲದು. ಹೆಸರುಕಾಳಿನ ಪಲ್ಯ, ಬಸಳೆ, ತೊಂಡೆಕಾಯಿ ಬಟ್ಟಲಿನ ಅರ್ಧ ತುಂಬಲಿ. ಮೀನು, ಮೊಟ್ಟೆ ತಿನ್ನುವವರಾದರೆ ಅದೂ ಇರಲಿ. ಮೂರು ಸಲ ಉಣ್ಣುವುದನ್ನು ಐದಾರು ಸಲಕ್ಕೆ ಹಂಚಿ. ಊಟದ ನಂತರ ಅಂಗಳದಲ್ಲಿ ಹದಿನೈದು ನಿಮಿಷ ನಡೆಯಿರಿ. ಚೌತಿ ಬರುತ್ತಿದೆ, ಪಾಯಸದ ಲೋಟ ಕೈಗೆ ಬಂದಾಗ ಎರಡು ಚಮಚಕ್ಕೆ ನಿಲ್ಲಿಸುವುದು ಕಷ್ಟ ಎಂದು ಬಲ್ಲೆ.

ಎರಡು ವಾರದ ನಂತರ ಊಟವಾಗಿ ಎರಡು ಗಂಟೆಗೆ ನೋಡಿದ ಸಕ್ಕರೆ 120ರೊಳಗೆ ಇರಬೇಕು. ಇಲ್ಲದಿದ್ದರೆ ಔಷಧ ಅಥವಾ ಇನ್ಸುಲಿನ್ ಹೇಳುತ್ತಾರೆ. ಇನ್ಸುಲಿನ್ ಎಂದರೆ ಸೋಲು ಎಂದು ಭಾವಿಸುವವರನ್ನು ವಾರ್ಡಿನಲ್ಲಿ ದಿನವೂ ಸಮಾಧಾನ ಮಾಡುತ್ತೇನೆ.

ಪೆರ್ಲದ ಸೊಸೆ · ಸೆಪ್ಟೆಂಬರ್ 19, ಬೆಳಗ್ಗೆ 11.00

112. ಅತ್ತೆಯೂ ಈಗ ಸಣ್ಣ ಬಟ್ಟಲಿನಲ್ಲೇ ಗಂಜಿ ಬಡಿಸಿಕೊಳ್ಳುತ್ತಿದ್ದಾರೆ.

ಪೆರ್ಲದ ಸೊಸೆ · ಮಾರ್ಚ್ 24, ರಾತ್ರಿ 8.45

ಬಹಳ ದಿನಗಳ ನಂತರ ಬರೆಯುತ್ತಿದ್ದೇನೆ. ಇವತ್ತು ನಮ್ಮ ವೈದ್ಯರು ರಜೆ, ಬೇರೆಯವರಿದ್ದರು. ನನ್ನ ಹಳೆಯ ಚೀಟಿಯಲ್ಲಿ ಜೂನ್ 10 ಎಂಬುದನ್ನು ನೋಡಿ, 41 ವಾರವಾಯಿತು, ನಾಳೆಯೇ ಸೇರಿಕೊಳ್ಳಿ, ನೋವು ಬರಿಸೋಣ ಎಂದರು. ನಾನು ಚೀಲದಿಂದ ಆಗಸ್ಟ್ 20ರ ಸ್ಕ್ಯಾನ್ ಕಾಗದ ತೆಗೆದು ಕೊಟ್ಟೆ. ಅವರು ಎಣಿಸಿ ನೋಡಿ, ಹೌದು, 38 ವಾರವಷ್ಟೇ ಎಂದರು. ಸಕ್ಕರೆ, ರಕ್ತದೊತ್ತಡ, ಮಗುವಿನ ಚಲನೆ ಎಲ್ಲವನ್ನೂ ಪರೀಕ್ಷಿಸಿ ಮುಂದಿನ ವಾರ ಬನ್ನಿ ಎಂದು ಕಳುಹಿಸಿದರು. ನೀರ್ಚಾಲು ಅಕ್ಕ, ಆ ಕಾಗದದ ಮಡಿಕೆ ಹರಿಯುವಷ್ಟು ಸವೆದಿದೆ.

ಪೆರ್ಲದ ಸೊಸೆ · ಏಪ್ರಿಲ್ 6, ಮಧ್ಯಾಹ್ನ 2.30

ಏಪ್ರಿಲ್ 3ರಂದು ಮಗಳು ಹುಟ್ಟಿದಳು. 2 ಕಿಲೊ 900 ಗ್ರಾಂ. ಸಹಜ ಹೆರಿಗೆ. ಮೊದಲ ಎರಡು ದಿನ ಹಾಲು ಕಡಿಮೆ ಇತ್ತು, ಮತ್ತೆ ಮತ್ತೆ ಎದೆಗೆ ಹಿಡಿದು ಈಗ ಬರುತ್ತಿದೆ.

ಆರು ವಾರದ ನಂತರ ಮತ್ತೆ ಸಕ್ಕರೆ ಪರೀಕ್ಷೆ ಎಂದಿದ್ದಾರೆ. ಹೆರಿಗೆಯಾಯಿತಲ್ಲ, ಬಾಣಂತಿಯನ್ನು ಹೊರಗೆ ಕರೆದೊಯ್ಯುವುದೇಕೆ ಎಂದು ಅಮ್ಮ ಕೇಳುತ್ತಾರೆ. ಹೋಗಲೇಬೇಕೇ?

ಬದಿಯಡ್ಕದ ದಾದಿ · ಏಪ್ರಿಲ್ 6, ಸಂಜೆ 5.00

ಮಗಳಿಗೆ ನನ್ನ ಮುತ್ತು. ಹೋಗಲೇಬೇಕು. ಬಸುರಿಯಲ್ಲಿ ಸಕ್ಕರೆ ಬಂದವರಿಗೆ, ಅದರಲ್ಲೂ ಪಿಸಿಒಎಸ್ ಇದ್ದವರಿಗೆ, ಮುಂದೆ ಮಧುಮೇಹ ಕಾಯಂ ಆಗುವ ಸಾಧ್ಯತೆ ಹೆಚ್ಚು. ಅಮ್ಮನಿಗೆ ಹೀಗೆಯೇ ಹೇಳಿ. ಮುಟ್ಟು ಇನ್ನೂ ಬಂದಿಲ್ಲ ಎಂದು ಧೈರ್ಯವಾಗಿಯೂ ಇರಬೇಡಿ. ಮುಟ್ಟಿಗೆ ಮೊದಲೇ ಅಂಡ ಬಿಡುಗಡೆಯಾಗಬಹುದು. ಎರಡನೆಯ ಮಗುವಿಗೆ ಅಂತರ ಬೇಕೆಂದಿದ್ದರೆ ಅದೇ ದಿನ ಕೇಳಿಕೊಂಡು ಬನ್ನಿ.

ಪೆರ್ಲದ ಸೊಸೆ · ಏಪ್ರಿಲ್ 6, ಸಂಜೆ 5.20

ಎರಡು ಗಂಟೆ ಕಾಯಬೇಕಲ್ಲ, ನಡುವೆ ಮಗುವಿಗೆ ಹಾಲು ಕೊಡಬಹುದೇ?

ಬದಿಯಡ್ಕದ ದಾದಿ · ಏಪ್ರಿಲ್ 6, ಸಂಜೆ 5.25

ಧಾರಾಳವಾಗಿ ಕೊಡಿ. ನೀವು ಮಾತ್ರ ನೀರು ಬಿಟ್ಟು ಬೇರೇನೂ ತೆಗೆದುಕೊಳ್ಳಬಾರದು. ಬೆಳಗ್ಗೆ ಬೇಗ ಬಂದುಬಿಡಿ, ಅಮ್ಮನನ್ನೂ ಕರೆದುಕೊಂಡು ಬನ್ನಿ.